ಓದೇ ಬಂಡವಾಳ: ಜೇನ್ ಆಸ್ಟೆನ್ ತನ್ನ ಪುಸ್ತಕಗಳ ಹೊಣೆ ಹೊತ್ತ ಬಗೆ



ತಾಯಿಯ ನೆನಪಿಗಾಗಿ ಮಕ್ಕಳು ಇರಿಸಿದ ದತ್ತಿ ಇದು. ಆ ತಾಯಿ ಏನು ಮಾಡುತ್ತಿದ್ದರು ಎಂದು ನಾನು ಕೇಳಿದೆ. ಅಡುಗೆಮನೆಯ ಕೆಲಸವೆಲ್ಲ ಮುಗಿದ ಮೇಲೆ ಮಧ್ಯಾಹ್ನ ಎರಡು ಗಂಟೆ ಕಾದಂಬರಿ ಓದುತ್ತಿದ್ದರು, ಅದೇ ಅವರ ಆಸ್ತಿ ಎಂದರು ಮಗಳು. ಅಷ್ಟು ಕೇಳಿದ ಮೇಲೆ ಇವತ್ತಿನ ವಿಷಯಕ್ಕಾಗಿ ನಾನು ಬೇರೆ ಕಡೆ ಹುಡುಕಬೇಕಾಗಲಿಲ್ಲ. ಒಬ್ಬ ಓದುಗಿತ್ತಿಯ ಹೆಸರಿನಲ್ಲಿ ನಡೆಯುವ ಉಪನ್ಯಾಸದಲ್ಲಿ, ಓದಿ ಓದಿಯೇ ಬರಹಗಾರ್ತಿಯಾದ, ಬರೆದದ್ದನ್ನು ತನ್ನ ಸ್ವಂತ ಹೊಣೆಯ ಮೇಲೆ ಅಚ್ಚು ಹಾಕಿಸಿದ ಒಬ್ಬ ಹೆಣ್ಣುಮಗಳ ಕಥೆಯನ್ನು ಹೇಳುವುದು ಸರಿ ಎನ್ನಿಸಿತು.

ಆಕೆ ಇಂಗ್ಲೆಂಡಿನ ಜೇನ್ ಆಸ್ಟೆನ್. ಪ್ರೀತಿ ಹೇಗೆ ಹುಟ್ಟುತ್ತದೆ, ಯಾವ ತಪ್ಪು ತಿಳಿವಳಿಕೆಯಿಂದ ಕೈತಪ್ಪುತ್ತದೆ, ಮದುವೆ ಎಂಬ ವ್ಯವಹಾರದಲ್ಲಿ ಹಣದ ಪಾಲೆಷ್ಟು, ಮನಸ್ಸಿನ ಪಾಲೆಷ್ಟು ಎಂಬುದನ್ನು ಆರು ಕಾದಂಬರಿಗಳಲ್ಲಿ ಬರೆದವಳು. ಇವತ್ತು ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳು ಅವಳನ್ನು ಪಾಠ ಮಾಡುತ್ತವೆ. ಆದರೆ ಪಾಠದಲ್ಲಿ ಹೆಚ್ಚಾಗಿ ಬಾರದ ಒಂದು ಸಂಗತಿ ಇದೆ. ಅವಳು ಬದುಕಿದ್ದಾಗ ಹೊರಬಂದ ಕಾದಂಬರಿಗಳು ನಾಲ್ಕು. ಆ ನಾಲ್ಕರಲ್ಲಿ ಮೂರರ ಖರ್ಚು, ನಷ್ಟ, ಲಾಭ ಎಲ್ಲವೂ ಅವಳವೇ ಆಗಿದ್ದವು. ಇವತ್ತಿನ ಮಾತಿನಲ್ಲಿ ಹೇಳಬೇಕಾದರೆ ಸ್ವಯಂ ಪ್ರಕಾಶನ.

ಕೈಯಲ್ಲಿ ಹೇಳಿಕೊಳ್ಳುವಂಥ ಹಣವಿಲ್ಲದ, ಮದುವೆಯಾಗದ, ಹಳ್ಳಿಯಲ್ಲಿದ್ದ ಒಬ್ಬ ಹೆಣ್ಣಿಗೆ ಅಷ್ಟು ದೊಡ್ಡ ಹೊಣೆ ಹೊರುವ ಧೈರ್ಯ ಎಲ್ಲಿಂದ ಬಂತು? ಓದಿನಿಂದ ಬಂತು ಎಂಬುದು ನನ್ನ ಉತ್ತರ. ತಾನು ಯಾರಿಗಾಗಿ ಬರೆಯುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಏಕೆಂದರೆ ಆ ಓದುಗರ ಸಾಲಿನಲ್ಲಿ ಅವಳೂ ಬಾಲ್ಯದಿಂದ ಕುಳಿತಿದ್ದಳು. ಅವಳ ಬಂಡವಾಳ ಅದೇ. ಇಂದಿನ ನನ್ನ ಮಾತೆಲ್ಲ ಈ ಒಂದು ವಾಕ್ಯದ ವಿಸ್ತಾರ.

ಐನೂರು ಪುಸ್ತಕಗಳ ಮನೆ

ಜೇನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ಹ್ಯಾಂಪ್‌ಶೈರ್ ಪ್ರಾಂತದ ಸ್ಟೀವನ್‌ಟನ್ ಎಂಬ ಹಳ್ಳಿಯಲ್ಲಿ. ತಂದೆ ಜಾರ್ಜ್ ಆಸ್ಟೆನ್ ಅಲ್ಲಿನ ಚರ್ಚಿನ ಪಾದ್ರಿ. ಎಂಟು ಮಕ್ಕಳ ಸಂಸಾರ, ಜೇನ್ ಏಳನೆಯವಳು. ಸಂಬಳ ಸಾಲದೆ ಆತ ಬೇಸಾಯ ಮಾಡುತ್ತಿದ್ದ, ಮನೆಯಲ್ಲಿ ಹುಡುಗರನ್ನು ಇರಿಸಿಕೊಂಡು ಪಾಠ ಹೇಳುತ್ತಿದ್ದ. ಜೇನ್‌ಗೆ ಶಾಲೆ ಸಿಕ್ಕಿದ್ದು ತೀರ ಕಡಿಮೆ. ಹನ್ನೊಂದರ ಹೊತ್ತಿಗೆ ಅದು ಮುಗಿದೇ ಹೋಯಿತು. ಆಮೇಲಿನ ವಿದ್ಯೆಯೆಲ್ಲ ತಂದೆಯ ಪುಸ್ತಕದ ಕೋಣೆಯಲ್ಲಿ. ಅಲ್ಲಿ ಐನೂರಕ್ಕೂ ಹೆಚ್ಚು ಸಂಪುಟಗಳಿದ್ದವು. ಇಂಥದ್ದನ್ನು ಓದು, ಇಂಥದ್ದನ್ನು ಮುಟ್ಟಬೇಡ ಎಂಬ ಕಟ್ಟಳೆ ಮಗಳಿಗೆ ಇದ್ದಂತೆ ಕಾಣುವುದಿಲ್ಲ.

ಏನು ಓದುತ್ತಿದ್ದಳು? ಸ್ಯಾಮ್ಯುಯೆಲ್ ರಿಚರ್ಡ್‌ಸನ್‌ನ ಏಳು ಸಂಪುಟಗಳ 'ಸರ್ ಚಾರ್ಲ್ಸ್ ಗ್ರ್ಯಾಂಡಿಸನ್' ಅವಳಿಗೆ ಪ್ರಾಣ. ಅದರಲ್ಲಿ ಯಾವ ಪಾತ್ರ ಎಲ್ಲಿ ಕುಳಿತು ಏನು ಹೇಳಿತು ಎಂಬುದೆಲ್ಲ ಅವಳಿಗೆ ನೆನಪಿರುತ್ತಿತ್ತು ಎಂದು ಮನೆಯವರು ಬರೆದಿದ್ದಾರೆ. ಜಾನ್ಸನ್‌ನ ಗದ್ಯ, ಕೂಪರ್ ಮತ್ತು ಕ್ರ್ಯಾಬ್‌ರ ಕಾವ್ಯ ಅವಳಿಗೆ ಪ್ರಿಯ. ಸಂಜೆ ತಂದೆ ಕೂಪರ್‌ನನ್ನು ಗಟ್ಟಿಯಾಗಿ ಓದುತ್ತಿದ್ದ, ಮನೆಯವರು ಸುತ್ತ ಕುಳಿತು ಕೇಳುತ್ತಿದ್ದರು. ನಮ್ಮ ಮನೆಗಳ ಜಗಲಿಯಲ್ಲಿ ಜೈಮಿನಿ ಭಾರತ ಓದಿಸಿ ಕೇಳುತ್ತಿದ್ದ ಅಜ್ಜಿಯರನ್ನು ನೋಡಿದವರಿಗೆ ಈ ಓದು ಯಾವ ಬಗೆಯದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಿವಿಯಿಂದ ಒಳಗೆ ಹೋದ ವಾಕ್ಯಕ್ಕೆ ಬೇರೆಯದೇ ಹಿಡಿತವಿರುತ್ತದೆ. ಮುಂದೆ ಆಸ್ಟೆನ್ ಬರೆದ ಸಂಭಾಷಣೆಗಳನ್ನು ಗಟ್ಟಿಯಾಗಿ ಓದಿದರೆ ಈ ಸಂಜೆಗಳ ಫಲ ಕೇಳಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾಗಿ ಅವಳು ತನ್ನ ಕಾಲದ ಹೆಂಗಸರು ಬರೆದ ಕಾದಂಬರಿಗಳನ್ನು ಓದುತ್ತಿದ್ದಳು. ಫ್ಯಾನಿ ಬರ್ನಿ, ಮರಾಯಾ ಎಡ್ಜ್‌ವರ್ತ್, ಆ್ಯನ್ ರ‍್ಯಾಡ್‌ಕ್ಲಿಫ್ ಇವರೆಲ್ಲ ಅವಳ ಒಡನಾಡಿಗಳು. 1796ರಲ್ಲಿ ಬರ್ನಿಯ 'ಕೆಮಿಲಾ' ಮುಂಗಡ ಚಂದಾ ಪಡೆದು ಹೊರಬಂತು. ಚಂದಾದಾರರ ಪಟ್ಟಿಯಲ್ಲಿ 'ಮಿಸ್ ಜೆ. ಆಸ್ಟೆನ್, ಸ್ಟೀವನ್‌ಟನ್' ಎಂಬ ಹೆಸರು ಅಚ್ಚಾಗಿದೆ. ಆಗ ಅವಳಿಗೆ ಇಪ್ಪತ್ತು ವರ್ಷ. ಅವಳು ಬದುಕಿದ್ದಾಗ ಅವಳ ಸ್ವಂತ ಕಾದಂಬರಿಗಳ ಮೇಲೆ ಹೆಸರು ಅಚ್ಚಾಗಲೇ ಇಲ್ಲ. ಆದರೆ ಒಬ್ಬ ಲೇಖಕಿಯ ಓದುಗಿತ್ತಿಯಾಗಿ ಅವಳ ಹೆಸರು ಪುಸ್ತಕದಲ್ಲಿತ್ತು. ಈ ಒಂದು ವಿವರ ನನ್ನನ್ನು ಎಷ್ಟೋ ಸಲ ಹಿಡಿದು ನಿಲ್ಲಿಸಿದೆ. ಅವಳು ಲೇಖಕಿಯಾಗಿ ಪುಸ್ತಕವ್ಯಾಪಾರದೊಳಗೆ ಕಾಲಿಡುವ ಮೊದಲೇ ಓದುಗಿತ್ತಿಯಾಗಿ ಹಣ ಕೊಟ್ಟು ಕಾಲಿಟ್ಟಿದ್ದಳು.

ಕಾದಂಬರಿ ಓದುವುದು ಆ ಕಾಲದಲ್ಲಿ ಮರ್ಯಾದಸ್ಥರು ಒಪ್ಪಿಕೊಳ್ಳುವ ಅಭ್ಯಾಸವಾಗಿರಲಿಲ್ಲ. 1798ರ ಡಿಸೆಂಬರಿನಲ್ಲಿ ಅವರ ಕಡೆ ಒಬ್ಬಾಕೆ ಚಂದಾ ಲೈಬ್ರರಿ ತೆರೆಯಲು ಹೊರಟಳು. ತನ್ನಲ್ಲಿ ಬರೀ ಕಾದಂಬರಿಗಳಿಲ್ಲ, ಎಲ್ಲ ಬಗೆಯ ಪುಸ್ತಕಗಳೂ ಇವೆ ಎಂದು ಭರವಸೆ ಕೊಟ್ಟಳು. ಜೇನ್ ಅಕ್ಕ ಕಸ್ಸಾಂಡ್ರಾಗೆ ಬರೆದ ಪತ್ರದಲ್ಲಿ ಇದನ್ನು ಹೇಳಿ, ನಮ್ಮ ಮನೆಗೆ ಆ ಭರವಸೆ ಬೇಕಿರಲಿಲ್ಲ, ನಾವು ಕಾದಂಬರಿ ಓದುವವರು, ಅದರಲ್ಲಿ ನಾಚಿಕೆಯಿಲ್ಲ ಎಂಬರ್ಥದ ಮಾತು ಸೇರಿಸಿದ್ದಾಳೆ. ಮುಂದೆ 'ನಾರ್ಥ್ಯಾಂಗರ್ ಆ್ಯಬಿ'ಯಲ್ಲಿ ಕಥೆಯನ್ನೇ ನಿಲ್ಲಿಸಿ, ಕಾದಂಬರಿಯ ಪರವಾಗಿ ವಾದ ಹೂಡುತ್ತಾಳೆ. ಕಾದಂಬರಿ ಬರೆಯುವವರೇ ತಮ್ಮ ನಾಯಕಿಯ ಕೈಯಲ್ಲಿ ಕಾದಂಬರಿ ಇಡಲು ಹಿಂಜರಿದರೆ ಬೇರೆ ಯಾರು ನಮ್ಮ ಕೈ ಹಿಡಿಯುತ್ತಾರೆ ಎಂಬುದು ಅವಳ ಪ್ರಶ್ನೆ.

ನನ್ನ ಹೈಸ್ಕೂಲು ದಿನಗಳಲ್ಲಿ ನಮ್ಮ ಬೀದಿಯ ಬಾಡಿಗೆ ಲೈಬ್ರರಿಯಿಂದ ಅಮ್ಮನಿಗಾಗಿ ತ್ರಿವೇಣಿ, ಎಂ.ಕೆ. ಇಂದಿರಾ ಅವರ ಪುಸ್ತಕಗಳನ್ನು ತರುತ್ತಿದ್ದವಳು ನಾನೇ. ನೆಂಟರು ಬಂದರೆ ಅಮ್ಮ ಆ ಪುಸ್ತಕವನ್ನು ದಿಂಬಿನ ಕೆಳಗೆ ಸರಿಸುತ್ತಿದ್ದರು. ಅವರು ಮರೆಮಾಡುತ್ತಿದ್ದುದು ಯಾವ ಕೆಟ್ಟದ್ದನ್ನೂ ಅಲ್ಲ. ತನ್ನದೇ ಆದ ಎರಡು ಗಂಟೆಗಳನ್ನು. ಆಸ್ಟೆನ್‌ಳ ಆ ಪುಟವನ್ನು ಮೊದಲ ಸಲ ಓದಿದಾಗ ಇನ್ನೂರು ವರ್ಷದ ಹಿಂದೆಯೇ ಒಬ್ಬಳು ನನ್ನ ಅಮ್ಮನ ಪರ ಮಾತಾಡಿದ್ದಾಳೆ ಎನ್ನಿಸಿ ಕಣ್ಣು ತುಂಬಿತ್ತು.

ಓದಿಗೆ ಎದುರಾಗಿ ಬರೆದದ್ದು

ಹನ್ನೊಂದು ಹನ್ನೆರಡರ ವಯಸ್ಸಿನಲ್ಲೇ ಜೇನ್ ಬರೆಯತೊಡಗಿದಳು. ತಾನು ಓದಿದ್ದನ್ನೇ ಎದುರಿಗಿಟ್ಟುಕೊಂಡು ಅದರ ಅತಿಗಳನ್ನು ಆಡಿಸಿ ತೋರಿಸುವ ಬರಹ ಅದು. ಆಗಿನ ಪ್ರೇಮಕಥೆಗಳಲ್ಲಿ ನಾಯಕಿಯರು ಮಾತು ಮಾತಿಗೆ ಮೂರ್ಛೆ ಹೋಗುತ್ತಿದ್ದರು. ಜೇನ್ ಹದಿನಾಲ್ಕರಲ್ಲಿ, 1790ರಲ್ಲಿ, ಬರೆದ 'ಲವ್ ಆ್ಯಂಡ್ ಫ್ರೆಂಡ್‌ಶಿಪ್' ಎಂಬ ಕಥೆಯಲ್ಲಿ ಗೆಳತಿಯರಿಬ್ಬರು ಸರದಿಯ ಮೇಲೆ ಮೂರ್ಛೆ ಹೋಗುತ್ತಾರೆ. ಕೊನೆಗೆ ಒಬ್ಬಳು ಒದ್ದೆ ನೆಲದಲ್ಲಿ ಬಿದ್ದು ಶೀತ ಹತ್ತಿಯೇ ಸಾಯುತ್ತಾಳೆ. ಮರುವರ್ಷ ಗೋಲ್ಡ್‌ಸ್ಮಿತ್‌ನ ಚರಿತ್ರೆ ಪುಸ್ತಕವನ್ನು ಅಣಕಿಸಿ ಇಂಗ್ಲೆಂಡಿನ ಇತಿಹಾಸವನ್ನೇ ಬರೆದಳು. ಅಕ್ಕ ಚಿತ್ರ ಬರೆದುಕೊಟ್ಟಳು. ಇಂಥವು ಮೂರು ನೋಟ್‌ಬುಕ್ಕುಗಳಲ್ಲಿ ಉಳಿದಿವೆ. ಎರಡನೆಯದರ ಮೇಲೆ ಇದು ತಂದೆಯ ಕೊಡುಗೆ ಎಂದು ಲ್ಯಾಟಿನ್ ಭಾಷೆಯಲ್ಲಿ ಬರೆದುಕೊಂಡಿದ್ದಾಳೆ.

ಮೆಚ್ಚಿ ಓದುವವರು ಹಲವರು; ಮೆಚ್ಚುತ್ತಲೇ ಎಲ್ಲಿ ಸುಳ್ಳು ನುಸುಳಿತು ಎಂದು ಹಿಡಿಯುವವರು ಕೆಲವರು. ಜೇನ್ ಎರಡನೆಯ ಬಗೆಯ ಓದುಗಿತ್ತಿ. ಬರ್ನಿಯ ಮೇಲಿನ ಅವಳ ಪ್ರೀತಿ ನಿಜ. ಬರ್ನಿಯ ಕಾದಂಬರಿಯಲ್ಲಿ ಇರುವಂಥ ಅಪಹರಣ, ಹುಚ್ಚು, ಆತ್ಮಹತ್ಯೆಗಳಿಲ್ಲದೆಯೇ ಪ್ರೀತಿಯ ಕಥೆ ನಿಲ್ಲಬಲ್ಲದು ಎಂಬ ಅರಿವೂ ನಿಜ. ಬರ್ನಿಯ 'ಸೆಸೀಲಿಯಾ'ದ ಕೊನೆಗೆ ಬರುವ ಒಂದು ಪದಜೋಡಿಯೇ ಮುಂದೆ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ಎಂಬ ಹೆಸರಾಯಿತು. ಸಾಲ ಪಡೆದದ್ದನ್ನು ಬಡ್ಡಿಸಮೇತ ತೀರಿಸುವುದು ಎಂದರೆ ಇದೇ.

1794ರ ಡಿಸೆಂಬರಿನಲ್ಲಿ ತಂದೆ ಬೇಸಿಂಗ್‌ಸ್ಟೋಕ್ ಪೇಟೆಯಲ್ಲಿ ಹನ್ನೆರಡು ಶಿಲಿಂಗ್ ಕೊಟ್ಟು ಬರೆಯುವ ಮರದ ಪೆಟ್ಟಿಗೆಯೊಂದನ್ನು ಕೊಂಡ. ಇಳಿಜಾರು ಮುಚ್ಚಳ, ಒಳಗೆ ಕಾಗದಕ್ಕೆ ಜಾಗ, ಶಾಯಿಗೆ ಗೂಡು. ನಮ್ಮ ಶಾನುಭೋಗರ ಕೈಪೆಟ್ಟಿಗೆಯ ಹಾಗೆ. ಮಗಳ ಹತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಕೊಟ್ಟದ್ದು ಅದೇ ಎಂದು ವಿದ್ವಾಂಸರ ಎಣಿಕೆ. ಈಗ ಅವಳ ಬರೆಯುವ ಪೆಟ್ಟಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 1798ರಲ್ಲಿ ಪ್ರಯಾಣದ ನಡುವೆ ಡಾರ್ಟ್‌ಫರ್ಡಿನ ಛತ್ರದಲ್ಲಿ ಅವಳ ಪೆಟ್ಟಿಗೆಗಳು ತಪ್ಪಿ ಬೇರೆ ಗಾಡಿಗೇರಿದವು. ಗಾಡಿಯಲ್ಲಿದ್ದವರು ಹಡಗು ಹತ್ತಿ ವೆಸ್ಟ್ ಇಂಡೀಸಿಗೆ ಹೋಗುವವರು. ಕುದುರೆ ಸವಾರನೊಬ್ಬ ಬೆನ್ನಟ್ಟಿ ಎರಡು ಮೂರು ಮೈಲಿ ದೂರದಲ್ಲಿ ಗಾಡಿ ಹಿಡಿದ. ಬರೆಯುವ ಪೆಟ್ಟಿಗೆಯಲ್ಲಿದ್ದ ಏಳು ಪೌಂಡು ತನ್ನ ಸಕಲ ಸಂಪತ್ತು ಎಂಬಂತೆ ಅವಳು ಅಕ್ಕನಿಗೆ ಬರೆದಿದ್ದಾಳೆ. ಅವಳ ಹಣಕಾಸಿನ ಸ್ಥಿತಿಯನ್ನು ತಿಳಿಯಲು ಈ ಏಳು ಪೌಂಡನ್ನು ನೆನಪಿಡಿ. ಮುಂದಿನ ಲೆಕ್ಕಕ್ಕೆ ಬೇಕಾಗುತ್ತದೆ.

ಮರಳಿ ಬಂದ ಪತ್ರ, ಮಲಗಿದ ಹಸ್ತಪ್ರತಿ

1797ರ ನವೆಂಬರ್ 1ರಂದು ತಂದೆ ಲಂಡನ್ನಿನ ಪ್ರಕಾಶಕ ಕ್ಯಾಡೆಲ್‌ಗೆ ಪತ್ರ ಬರೆದ. ನನ್ನಲ್ಲಿ ಮೂರು ಸಂಪುಟಗಳ ಕಾದಂಬರಿಯೊಂದಿದೆ, ಬರ್ನಿಯವರ 'ಎವೆಲೀನಾ'ದಷ್ಟು ಉದ್ದ, ಲೇಖಕರ ಹೊಣೆಯ ಮೇಲೆ ಪ್ರಕಟಿಸಿದರೆ ಖರ್ಚೆಷ್ಟು, ನೀವೇ ಹಕ್ಕು ಕೊಂಡರೆ ಎಷ್ಟು ಕೊಡುತ್ತೀರಿ ಎಂದು ಕೇಳಿದ. ಮರುಟಪಾಲಿನಲ್ಲೇ ಬೇಡವೆಂಬ ಉತ್ತರ ಬಂತು. ಹಸ್ತಪ್ರತಿ ತರಿಸಿ ನೋಡಲೂ ಇಲ್ಲ. 'ಫಸ್ಟ್ ಇಂಪ್ರೆಷನ್ಸ್' ಎಂಬ ಆ ಕಾದಂಬರಿಯೇ ಹದಿನೈದು ವರ್ಷ ತಿದ್ದಿಸಿಕೊಂಡು 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ಆದದ್ದು. ಸ್ವಂತ ಹೊಣೆಯ ಮಾತು ಆ ಮನೆಯಲ್ಲಿ ಮೊದಲ ದಿನದಿಂದಲೇ ಇತ್ತು ಎಂಬುದನ್ನು ಗಮನಿಸಬೇಕು. ಆ ತಂದೆಗೆ ಮಗಳ ಬರಹದ ಮೇಲೆ ಅಷ್ಟು ನಂಬಿಕೆ.

ಎರಡನೆಯ ಅನುಭವ ಇನ್ನೂ ಕಹಿ. 1803ರಲ್ಲಿ 'ಸೂಸನ್' ಎಂಬ ಕಾದಂಬರಿಯ ಹಕ್ಕನ್ನು ಹತ್ತು ಪೌಂಡಿಗೆ ಕ್ರಾಸ್ಬಿ ಎಂಬ ಪ್ರಕಾಶಕನಿಗೆ ಮಾರಿದಳು. ಪ್ರಕಟವಾಗಲಿದೆ ಎಂದು ಆತ ಜಾಹೀರಾತನ್ನೂ ಕೊಟ್ಟ. ಪುಸ್ತಕ ಬರಲಿಲ್ಲ. ಆರು ವರ್ಷ ಕಾದು, 1809ರ ಏಪ್ರಿಲಿನಲ್ಲಿ ಸುಳ್ಳು ಹೆಸರಿನಲ್ಲಿ ಅವಳು ಪತ್ರ ಬರೆದಳು. ಪ್ರಕಟಿಸುವ ಕಡ್ಡಾಯವೇನೂ ನಮಗಿಲ್ಲ, ಬೇಕಾದರೆ ಹತ್ತು ಪೌಂಡು ಕೊಟ್ಟು ವಾಪಸು ಒಯ್ಯಿರಿ, ಬೇರೆಡೆ ಅಚ್ಚಾದರೆ ತಡೆಯುತ್ತೇವೆ ಎಂಬ ಉತ್ತರ ಬಂತು. ಆ ಹತ್ತು ಪೌಂಡು ಕೊಟ್ಟು ಬಿಡಿಸಿಕೊಳ್ಳಲು ಅವಳಿಗೆ ಸಾಧ್ಯವಾದದ್ದು 1816ರಲ್ಲಿ. ಅದೇ 'ನಾರ್ಥ್ಯಾಂಗರ್ ಆ್ಯಬಿ'. ಕಾದಂಬರಿ ಓದುಗಿತ್ತಿಯರ ಪರ ವಾದಿಸುವ ಆ ಪುಸ್ತಕ ಒಬ್ಬರ ಗೋದಾಮಿನಲ್ಲಿ ಹದಿಮೂರು ವರ್ಷ ಮಲಗಿತ್ತು. ಅಚ್ಚಿನಲ್ಲಿ ನೋಡುವಷ್ಟರಲ್ಲಿ ಅವಳೇ ಇರಲಿಲ್ಲ.

ಈ ನಡುವೆ ಬದುಕು ಅಲುಗಾಡಿತ್ತು. 1801ರಲ್ಲಿ ಸಂಸಾರ ಬಾತ್ ನಗರಕ್ಕೆ ಹೋಯಿತು; ತಂದೆಯ ಐನೂರು ಪುಸ್ತಕಗಳು ಮಾರಾಟವಾದವು. 1805ರಲ್ಲಿ ತಂದೆ ತೀರಿಕೊಂಡ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಅಣ್ಣತಮ್ಮಂದಿರ ನೆರವಿನಲ್ಲಿ ಊರಿಂದೂರಿಗೆ ಸುತ್ತಿದರು. 1809ರ ಜುಲೈನಲ್ಲಿ ಅಣ್ಣ ಎಡ್ವರ್ಡ್ ಚಾಟನ್ ಎಂಬ ಹಳ್ಳಿಯಲ್ಲಿ ತನ್ನ ಮನೆಯೊಂದನ್ನು ಬಿಟ್ಟುಕೊಟ್ಟ. ಅಲ್ಲಿ ಜೇನ್‌ಳ ಪಾಲಿನ ಕೆಲಸ ಬೆಳಗಿನ ಉಪಾಹಾರ, ಚಹಾ ಸಕ್ಕರೆಯ ಬೀಗದ ಕೈ. ಉಳಿದ ಮನೆಗೆಲಸವನ್ನು ಅಕ್ಕ ಮತ್ತು ಗೆಳತಿ ಮಾರ್ತಾ ಲಾಯ್ಡ್ ಹೊತ್ತುಕೊಂಡರು. ಇಬ್ಬರು ಹೆಂಗಸರು ಹೀಗೆ ಬಿಡುವು ಮಾಡಿಕೊಟ್ಟ ಗಂಟೆಗಳಲ್ಲಿ, ಕಿಟಕಿಯ ಬಳಿಯ ಪುಟ್ಟ ಮೇಜಿನ ಮೇಲೆ ಆ ಕಾದಂಬರಿಗಳು ಸಿದ್ಧವಾದವು. ಲೇಖಕಿಯ ಹಿಂದೆ ಇಂಥ ಕೈಗಳು ಇರುತ್ತವೆ. ಅವುಗಳ ಹೆಸರನ್ನು ನಾವು ಹೇಳಬೇಕು.

ನಷ್ಟವೂ ನನ್ನದೇ

ಆಗಿನ ಪುಸ್ತಕವ್ಯಾಪಾರದಲ್ಲಿ ಲೇಖಕರ ಮುಂದೆ ಮುಖ್ಯವಾಗಿ ಮೂರು ದಾರಿಗಳಿದ್ದವು. ಮೊದಲನೆಯದು, ಮುಂಗಡ ಚಂದಾ ಎತ್ತುವುದು. ಎರಡನೆಯದು, ಒಂದೇ ಮೊತ್ತಕ್ಕೆ ಹಕ್ಕು ಮಾರಿ ಕೈತೊಳೆದುಕೊಳ್ಳುವುದು. ಮೂರನೆಯದು ಕಮಿಷನ್ ಪದ್ಧತಿ. ಇದರಲ್ಲಿ ಕಾಗದ, ಅಚ್ಚು, ಜಾಹೀರಾತಿನ ಖರ್ಚು ಲೇಖಕರ ಲೆಕ್ಕಕ್ಕೆ. ಪ್ರಕಾಶಕ ಮಾರಾಟ ನೋಡಿಕೊಂಡು ಸುಮಾರು ನೂರಕ್ಕೆ ಹತ್ತರಂತೆ ಕಮಿಷನ್ ಹಿಡಿಯುತ್ತಾನೆ. ಪುಸ್ತಕ ಓಡಿದರೆ ಲಾಭ ಲೇಖಕರದು, ಓಡದಿದ್ದರೆ ಬಾಕಿ ತುಂಬಿಕೊಡಬೇಕಾದವರೂ ಅವರೇ. ಹಕ್ಕು ಮಾತ್ರ ಕೈಬಿಟ್ಟು ಹೋಗುವುದಿಲ್ಲ.

ಆಸ್ಟೆನ್ ಮೂರನೆಯದನ್ನು ಆರಿಸಿಕೊಂಡಳು. ಲಂಡನ್ನಿನ ಥಾಮಸ್ ಎಗರ್ಟನ್ ಪ್ರಕಾಶಕ. ವ್ಯವಹಾರ ನೋಡಿಕೊಂಡವನು ಅಣ್ಣ ಹೆನ್ರಿ. ನಷ್ಟ ಬಂದೇ ಬರುತ್ತದೆ ಎಂದುಕೊಂಡು, ಅದನ್ನು ತುಂಬಲು ತನ್ನ ಅಲ್ಪ ಆದಾಯದಲ್ಲೇ ಅವಳು ಒಂದಿಷ್ಟು ಎತ್ತಿಟ್ಟಿದ್ದಳು ಎಂದು ಹೆನ್ರಿ ಮುಂದೆ ಬರೆದ. 1811ರ ಏಪ್ರಿಲಿನಲ್ಲಿ ಅವಳು ಲಂಡನ್ನಿನ ಅವನ ಮನೆಯಲ್ಲಿ ಕುಳಿತು 'ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ'ಯ ಪ್ರೂಫ್ ತಿದ್ದಿದಳು. ಊರಿನ ಗದ್ದಲದಲ್ಲಿ ಪುಸ್ತಕ ಮರೆತೆಯಾ ಎಂದು ಅಕ್ಕ ಕೇಳಿದ್ದಕ್ಕೆ, ಹಾಲುಗೂಸನ್ನು ತಾಯಿ ಮರೆಯುವುದುಂಟೇ ಎಂಬ ಅರ್ಥದ ಉತ್ತರ ಬರೆದಳು.

1811ರ ಅಕ್ಟೋಬರ್ 30ರಂದು 'ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ' ಹೊರಬಂತು. ಮೂರು ಸಂಪುಟ, ಬೆಲೆ ಹದಿನೈದು ಶಿಲಿಂಗ್. ಕೂಲಿಯಾಳಿನ ಒಂದು ವಾರದ ಸಂಬಳಕ್ಕಿಂತ ಹೆಚ್ಚು. ಲೇಖಕರ ಹೆಸರಿನ ಜಾಗದಲ್ಲಿ 'ಒಬ್ಬ ಮಹಿಳೆ' ಎಂದಷ್ಟೇ ಇತ್ತು. ಅಷ್ಟು ದುಬಾರಿ ಪುಸ್ತಕವನ್ನು ಮನೆಗೆ ಕೊಳ್ಳುವವರು ಕಡಿಮೆ. ಚಂದಾ ಲೈಬ್ರರಿಗಳೇ ದೊಡ್ಡ ಗಿರಾಕಿಗಳು. ಮೂರು ಸಂಪುಟ ಏಕೆಂದರೆ ಒಂದೇ ಕಾದಂಬರಿಯನ್ನು ಲೈಬ್ರರಿಯವನು ಏಕಕಾಲಕ್ಕೆ ಮೂವರಿಗೆ ಎರವಲು ಕೊಡಬಹುದು. ಈ ಏರ್ಪಾಟಿನ ಒಳಹೊರಗು ಆಸ್ಟೆನ್‌ಗೆ ಚೆನ್ನಾಗಿ ಗೊತ್ತಿತ್ತು, ಮೊದಲ ಸಂಪುಟ ಮುಗಿಸಿ ಎರಡನೆಯದಕ್ಕಾಗಿ ಕಾಯುವ ಓದುಗಿತ್ತಿ ತಾನೇ ಆಗಿದ್ದುದರಿಂದ. ಅವಳ ಸಂಪುಟಗಳು ಎಲ್ಲಿ ನಿಲ್ಲುತ್ತವೆ ಎಂದು ಒಮ್ಮೆ ನೋಡಿ. ಮುಂದಿನದನ್ನು ತರಿಸಲೇಬೇಕು ಎನ್ನುವಂತಿರುತ್ತವೆ.

1813ರ ಜುಲೈ ಹೊತ್ತಿಗೆ ಪ್ರತಿಗಳೆಲ್ಲ ಮುಗಿದವು. ನೌಕಾಪಡೆಯಲ್ಲಿದ್ದ ಅಣ್ಣ ಫ್ರ್ಯಾಂಕ್‌ಗೆ ಬರೆದ ಪತ್ರದಲ್ಲಿ ಲಾಭದ ಲೆಕ್ಕವಿದೆ: ನೂರ ನಲವತ್ತು ಪೌಂಡು, ಅದರ ಮೇಲೆ ಹಕ್ಕು ತನ್ನಲ್ಲೇ ಉಳಿದಿದೆ. ಪೆಟ್ಟಿಗೆಯಲ್ಲಿನ ಏಳು ಪೌಂಡನ್ನು ಈಗ ನೆನಪು ಮಾಡಿಕೊಳ್ಳಿ. ಅದರ ಇಪ್ಪತ್ತು ಪಟ್ಟು. ಮೂವತ್ತೇಳನೆಯ ವಯಸ್ಸಿನಲ್ಲಿ, ಯಾರ ಕೈಯನ್ನೂ ನೋಡದೆ, ತನ್ನ ಬರಹದಿಂದ ಗಳಿಸಿದ ಹಣ. ಆ ಪತ್ರದಲ್ಲಿನ ಸಂತೋಷವನ್ನು ದುರಾಸೆ ಎಂದು ಯಾರೂ ಓದಬಾರದು.

ಮಾರಿದ ಹಕ್ಕು, ಉಳಿಸಿಕೊಂಡ ಹಕ್ಕು

ಆ ಲಾಭದ ಲೆಕ್ಕ ಗೊತ್ತಾಗುವ ಮೊದಲೇ, 1812ರ ನವೆಂಬರಿನಲ್ಲಿ, ಅವಳು 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ಹಕ್ಕನ್ನು ಎಗರ್ಟನ್‌ಗೆ ಮಾರಿಬಿಟ್ಟಿದ್ದಳು. ಮನಸ್ಸಿನಲ್ಲಿದ್ದದ್ದು ನೂರೈವತ್ತು, ಸಿಕ್ಕಿದ್ದು ನೂರ ಹತ್ತು. ಪುಸ್ತಕ 1813ರ ಜನವರಿ 28ರಂದು ಬಂತು, ಅದೇ ವರ್ಷ ಎರಡನೆಯ ಮುದ್ರಣ, 1817ರಲ್ಲಿ ಮೂರನೆಯದು. ಅವುಗಳಿಂದ ಅವಳಿಗೆ ಒಂದು ಕಾಸೂ ಬರಲಿಲ್ಲ. ಜಗತ್ತೇ ಅತಿಹೆಚ್ಚು ಪ್ರೀತಿಸಿದ ಅವಳ ಪುಸ್ತಕ ಅವಳದಾಗಿರಲಿಲ್ಲ. ಆಮೇಲೆ ಬದುಕಿರುವಷ್ಟು ದಿನ ಅವಳು ಇನ್ನಾವ ಕಾದಂಬರಿಯ ಹಕ್ಕನ್ನೂ ಮಾರಲಿಲ್ಲ.

1814ರ ಮೇ ತಿಂಗಳಲ್ಲಿ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಮತ್ತೆ ಅವಳ ಹೊಣೆಯಲ್ಲಿ ಬಂದು, ಆರು ತಿಂಗಳಲ್ಲಿ ಖಾಲಿಯಾಯಿತು. ಅವಳಿಗೆ ಅತಿಹೆಚ್ಚು ಲಾಭ ತಂದದ್ದು ಇದೇ, ಮುನ್ನೂರು ಪೌಂಡಿಗೂ ಮೇಲೆ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಎರಡನೆಯ ಮುದ್ರಣ ಎಗರ್ಟನ್‌ನಿಂದ ಬರಲಿಲ್ಲ. ಹಕ್ಕು ಅವಳಲ್ಲಿದ್ದುದರಿಂದ ಪುಸ್ತಕವನ್ನು ಬೇರೆಯವರಲ್ಲಿಗೆ ಒಯ್ಯುವುದು ಸಾಧ್ಯವಾಯಿತು. ಜನ ಎರವಲು ತಂದು ಓದಿ ಹೊಗಳಲು ಮುಂದು, ಕೊಳ್ಳಲು ಹಿಂದು ಎಂದು ಆ ದಿನಗಳಲ್ಲಿ ಅಣ್ಣನ ಮಗಳು ಫ್ಯಾನಿಗೆ ಬರೆದಳು. ಹೊಗಳಿಕೆ ತನಗೆ ಬೇಕು, ಹಣವೂ ಬೇಕು ಎಂಬುದನ್ನು ಮುಚ್ಚಿಡಲಿಲ್ಲ.

ಮುಂದಿನ ಪ್ರಕಾಶಕ ಜಾನ್ ಮರೆ, ಕವಿ ಬೈರನ್‌ನ ಪ್ರಕಾಶಕ. 'ಎಮ್ಮಾ' ಜೊತೆಗೆ ಹಿಂದಿನ ಎರಡು ಕಾದಂಬರಿಗಳ ಹಕ್ಕನ್ನೂ ಸೇರಿಸಿ ಆತ ನಾನೂರೈವತ್ತು ಪೌಂಡು ಕೊಡಲು ಬಂದ. ಅವಳು ಒಪ್ಪಲಿಲ್ಲ. 1815ರ ಡಿಸೆಂಬರಿನಲ್ಲಿ 'ಎಮ್ಮಾ' ಎರಡು ಸಾವಿರ ಪ್ರತಿಗಳಲ್ಲಿ, ಮರುವರ್ಷ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಎರಡನೆಯ ಮುದ್ರಣ ಏಳುನೂರೈವತ್ತು ಪ್ರತಿಗಳಲ್ಲಿ ಬಂದವು, ಎರಡೂ ಅವಳ ಹೊಣೆಯಲ್ಲಿ. ಎರಡನೆಯದು ಓಡಲಿಲ್ಲ. ಅದರ ನಷ್ಟವನ್ನು 'ಎಮ್ಮಾ'ದ ಲಾಭದಲ್ಲಿ ಮುರಿದುಕೊಂಡು ಅವಳ ಕೈಗೆ ಬಂದದ್ದು ಮೂವತ್ತೆಂಟು ಪೌಂಡು ಹದಿನೆಂಟು ಶಿಲಿಂಗ್. ನಾನೂರೈವತ್ತು ಎಲ್ಲಿ, ಮೂವತ್ತೆಂಟು ಎಲ್ಲಿ! ಸ್ವಂತ ಪ್ರಕಟಣೆ ಯಾವಾಗಲೂ ಲಾಭ ತರುತ್ತದೆ ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಈ ಲೆಕ್ಕವನ್ನು ಪೂರ್ತಿ ನಿಮ್ಮ ಮುಂದಿಡಬೇಕು. ಅವಳು ಗೆದ್ದ ಸಲ ಗೆದ್ದಳು, ಸೋತ ಸಲ ತಾನೇ ಸೋತಳು.

ಆದರೆ ಹೊಣೆ ಹೊತ್ತವಳಿಗೆ ಇನ್ನೊಂದು ಲಾಭ ಸಿಗುತ್ತದೆ. ಬರಹ ಅವಳ ಮಾತು ಕೇಳುತ್ತದೆ. ರಾಜಕುಮಾರನ ಗ್ರಂಥಪಾಲಕನಾಗಿದ್ದ ಕ್ಲಾರ್ಕ್ ಎಂಬಾತ, ರಾಜಮನೆತನದ ಕುರಿತು ಭವ್ಯವಾದ ಐತಿಹಾಸಿಕ ಪ್ರೇಮಕಥೆ ಬರೆಯಿರಿ ಎಂದು ಸೂಚಿಸಿದ. ಅದರಲ್ಲಿ ಹೆಚ್ಚು ಹಣ, ಹೆಚ್ಚು ಹೆಸರು ಬರಬಹುದು, ಆದರೆ ಅದು ನನ್ನಿಂದಾಗದು, ನನ್ನದೇ ಶೈಲಿಯಲ್ಲಿ ನನ್ನದೇ ದಾರಿ ಹಿಡಿದು ಹೋಗಬೇಕು ಎಂಬರ್ಥದ ಉತ್ತರವನ್ನು 1816ರ ಏಪ್ರಿಲ್ 1ರಂದು ಅವಳು ಬರೆದಳು. ಅದೇ ವರ್ಷ ಜುಲೈ 18ರಂದು 'ಪರ್ಸ್ಯುಯೇಷನ್' ಮುಗಿಸಿದಳು. ಕೊನೆ ಸಪ್ಪೆ ಎನಿಸಿತು. ಆರೋಗ್ಯ ಕೆಟ್ಟಿತ್ತು, ಮಾರ್ಚಿನಲ್ಲಿ ಹೆನ್ರಿಯ ಬ್ಯಾಂಕ್ ಮುಳುಗಿ ಮನೆಯವರಲ್ಲಿ ಹಲವರು ಹಣ ಕಳೆದುಕೊಂಡಿದ್ದರು. ಆದರೂ ಮೂರು ವಾರ ಕುಳಿತು ಕೊನೆಯ ಭಾಗವನ್ನು ಹೊಸದಾಗಿ ಬರೆದಳು. ಬಿಟ್ಟುಕೊಟ್ಟ ಆ ಹಾಳೆಗಳು ಉಳಿದಿವೆ. ಹೊಡೆದು ಹಾಕಿದ ಸಾಲುಗಳ ಆ ಪುಟಗಳೇ ಅವಳ ಮುಗಿದ ಕಾದಂಬರಿಗಳಲ್ಲಿ ನಮಗೆ ಸಿಕ್ಕ ಏಕೈಕ ಹಸ್ತಪ್ರತಿ.

ಓದುಗರ ಮಾತು ಬರೆದಿಟ್ಟುಕೊಂಡವಳು

ತನ್ನ ಎರಡು ಕಾದಂಬರಿಗಳ ಬಗ್ಗೆ ಮನೆಯವರು, ನೆರೆಹೊರೆಯವರು, ಪರಿಚಿತರು ಏನೆಂದರು ಎಂಬುದನ್ನು ಅವಳು ತನ್ನ ಕೈಯಾರೆ ಪಟ್ಟಿ ಮಾಡಿಟ್ಟಿದ್ದಾಳೆ. ನಾಯಕಿ ಸಪ್ಪೆ ಎಂದ ಸ್ವಂತ ತಾಯಿಯ ಮಾತು ಅದರಲ್ಲಿದೆ. ಚೆನ್ನಾಗಿಲ್ಲವೆಂದು ಕೇಳಿ ಮೊದಲ ಮತ್ತು ಕೊನೆಯ ಅಧ್ಯಾಯ ಮಾತ್ರ ಓದಿದೆನೆಂದ ಒಬ್ಬರ ಮಾತಿದೆ. ಮೂರು ರಾತ್ರಿ ನಿದ್ದೆಗೆಟ್ಟು ಓದಿದ ವಿಮರ್ಶಕನ ಮಾತೂ ಇದೆ. ಎಲ್ಲವನ್ನೂ ಒಂದರ ಕೆಳಗೊಂದರಂತೆ ಬರೆದಿದ್ದಾಳೆ. ಯಾವುದಕ್ಕೂ ಉತ್ತರ ಬರೆದಿಲ್ಲ.

ನಾನೂ ನನ್ನ ಮೊದಲ ಕಾದಂಬರಿಯನ್ನು ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿದವಳು. ಐನೂರು ಪ್ರತಿಗಳ ಕಟ್ಟುಗಳು ನಮ್ಮ ಮಂಚದ ಕೆಳಗೆ ಇದ್ದವು. ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತೆಯೊಬ್ಬರು ಆ ಪುಸ್ತಕ ಓದಿದ್ದೇನೆ, ಕೊನೆಯಲ್ಲಿ ಆ ಹುಡುಗಿ ಅಷ್ಟು ಬೇಗ ಕ್ಷಮಿಸಬಾರದಿತ್ತು ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಆಕೆ ಹೇಳಿದ್ದು ಸರಿಯಾಗಿತ್ತು. ಮರುಮುದ್ರಣದಲ್ಲಿ ಕೊನೆಯನ್ನು ತಿದ್ದಿದೆ. ಆಸ್ಟೆನ್‌ಳ ಪಟ್ಟಿಯ ಬೆಲೆ ನನಗೆ ತಿಳಿದದ್ದು ಅಂದು.

ಬರೆಯುವ ಹಂಬಲವಿದ್ದ ಅಣ್ಣನ ಮಕ್ಕಳಿಗೆ ಅವಳು ಕೊಟ್ಟ ಬುದ್ಧಿಮಾತುಗಳೂ ಓದುಗಿತ್ತಿಯ ಮಾತುಗಳೇ. ಆನಾ ಬರೆದ ಕಾದಂಬರಿಯನ್ನು ಓದಿ ಪತ್ರದಲ್ಲಿ ತಿದ್ದುತ್ತಾಳೆ: ಆ ಎರಡು ಊರುಗಳ ನಡುವಿನ ದೂರ ಹೆಚ್ಚು, ಅಲ್ಲಿನ ಸುದ್ದಿಯನ್ನು ಇಲ್ಲಿ ಯಾರೂ ಆಡರು, ಐರ್ಲೆಂಡಿನ ನಡೆನುಡಿ ನಿನಗೆ ಗೊತ್ತಿಲ್ಲ, ಪಾತ್ರಗಳು ಅಲ್ಲಿಗೆ ಹೋಗಲಿ, ನೀನು ಹೋಗಬೇಡ, ಹಳ್ಳಿಯೊಂದರ ಮೂರು ನಾಲ್ಕು ಮನೆಗಳು ಸಾಕು. ಚಿಕ್ಕವಳಾದ ಕ್ಯಾರೊಲೈನ್‌ಗೆ ಹೇಳಿದ್ದು ಇನ್ನೂ ನೇರ. ಹದಿನಾರಾಗುವ ತನಕ ಬರೆಯುವುದನ್ನು ಬಿಟ್ಟು ಓದು, ಆ ವಯಸ್ಸಿನಲ್ಲಿ ನಾನು ಇನ್ನಷ್ಟು ಓದಿ ಇನ್ನಷ್ಟು ಕಡಿಮೆ ಬರೆಯಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಅಷ್ಟು ಓದಿದವಳ ಬಾಯಲ್ಲಿ ಈ ಮಾತು!

ನಮ್ಮ ಕಡೆಯ ಹೊಣೆಗಾರ್ತಿ

ಆಸ್ಟೆನ್ 1817ರ ಜುಲೈ 18ರಂದು, ನಲವತ್ತೊಂದರ ವಯಸ್ಸಿನಲ್ಲಿ ವಿಂಚೆಸ್ಟರಿನಲ್ಲಿ ತೀರಿಕೊಂಡಳು. ಅಲ್ಲಿನ ಕೆಥೆಡ್ರಲ್‌ನಲ್ಲಿರುವ ಅವಳ ಸಮಾಧಿಗಲ್ಲಿನ ಮೇಲೆ ಗುಣಗಳ ವರ್ಣನೆಯಿದೆ, ಕಾದಂಬರಿಗಳ ಸುದ್ದಿಯಿಲ್ಲ.

ಒಂದು ಶತಮಾನದ ಆಮೇಲೆ ನಂಜನಗೂಡಿನಲ್ಲಿ ಇನ್ನೊಬ್ಬ ಲೇಖಕಿ ಇದೇ ಹೊಣೆ ಹೊತ್ತರು. 1887ರಲ್ಲಿ ಹುಟ್ಟಿದ ತಿರುಮಲಾಂಬ. ಬಾಲ್ಯದಲ್ಲಿ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದ ಮನೆಗಳು ಅಂಥ ಹುಡುಗಿಯನ್ನು ಹಿತ್ತಿಲ ಕೋಣೆಗೆ ತಳ್ಳುತ್ತಿದ್ದವು. ಅವರ ತಂದೆ ಪುಸ್ತಕ ಕೊಟ್ಟರು. ತಿರುಮಲಾಂಬ ಓದಿದರು, ಬರೆದರು, 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ತಾವೇ ಕಟ್ಟಿ 1913ರಲ್ಲಿ 'ಸುಶೀಲೆ' ಕಾದಂಬರಿಯನ್ನು ಹೊರತಂದರು, ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದರು. ಅತ್ತ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಕಾದಂಬರಿ ಓದುವ ಮಂದಿ ತಯಾರಾದದ್ದು ಇಂಥವರ ಬೆವರಿನಿಂದ.

ಆಸ್ಟೆನ್ ಮತ್ತು ತಿರುಮಲಾಂಬ ಬೇರೆ ಬೇರೆ ಲೋಕದವರು. ಬರೆದ ರೀತಿ ಬೇರೆ, ಗುರಿ ಬೇರೆ. ಆದರೆ ಎರಡೂ ಕಡೆ ಒಬ್ಬ ತಂದೆ ಮಗಳ ಕೈಗೆ ಪುಸ್ತಕ ಕೊಟ್ಟಿದ್ದಾನೆ. ಎರಡೂ ಕಡೆ ಮಗಳು ಓದುಗರನ್ನು ನಂಬಿ ಮುಂದಕ್ಕೆ ಹೆಜ್ಜೆಯಿಟ್ಟಿದ್ದಾಳೆ.

ಇವತ್ತು ನಮ್ಮ ಹುಡುಗಿಯರು ಫೋನಿನಲ್ಲೇ ಟೈಪ್ ಮಾಡಿ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಪ್ರೇಮಕಥೆಗಳನ್ನು ಕಂತು ಕಂತಾಗಿ ಹಾಕುತ್ತಾರೆ. ಡಿಟಿಪಿ ಮಾಡಿಸಿ ನೂರು ಪ್ರತಿ ಅಚ್ಚು ಹಾಕಿಸಿಕೊಳ್ಳುವುದೂ ಈಗ ಕಷ್ಟವಲ್ಲ. ಇದನ್ನು ಕೀಳಾಗಿ ಕಾಣುವವರ ಸಾಲಿನಲ್ಲಿ ನಾನಿಲ್ಲ. ಹೀಗೆ ಬರೆಯುವವರಿಗೆ ನಾನು ಹೇಳುವುದು ನಾಲ್ಕೇ ಮಾತು. ಬರೆಯುವುದಕ್ಕಿಂತ ಹೆಚ್ಚು ಓದಿ. ನಿಮ್ಮ ಜೊತೆಯವರನ್ನೂ, ಹಿಂದಿನವರನ್ನೂ ಕಾಸು ಕೊಟ್ಟು ಓದಿ. ಸಹಿ ಹಾಕುವ ಮೊದಲು ಕರಾರನ್ನು ಪೂರ್ತಿ ಓದಿ. ಹತ್ತು ಪೌಂಡಿಗೆ ಹೋದ ಹಸ್ತಪ್ರತಿಯನ್ನು ನೆನೆಯಿರಿ. ಅಚ್ಚು ಹಾಕಿಸುವುದು ಸುಲಭವಾಗಿದೆ ಎಂದು ತಿದ್ದುವುದನ್ನು ಬಿಡಬೇಡಿ. ಆ ಮೂರು ವಾರಗಳನ್ನು ನೆನೆಯಿರಿ.

ಕೇಳುಗರಾದ ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ಮನೆಯಲ್ಲಿ ಮಧ್ಯಾಹ್ನ ಕಾದಂಬರಿ ಹಿಡಿದು ಕೂರುವ ಹೆಣ್ಣುಮಗಳಿದ್ದರೆ, ಅವಳ ಆ ಎರಡು ಗಂಟೆಗಳನ್ನು ಯಾರೂ ಕಸಿಯದಂತೆ ಕಾಯಿರಿ. ಅವಳು ದಿಂಬಿನ ಕೆಳಗೆ ಪುಸ್ತಕ ಸರಿಸಬೇಕಾದ ಪ್ರಮೇಯ ಬಾರದಿರಲಿ. ಈ ದತ್ತಿಗೆ ಹೆಸರಾದ ಆ ತಾಯಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.